ಹಗ್ಗದ ಆಚೆ ನಿಂತ ಮಗ

ಆನ್ಸೆಲ್ಮ್ ಕ್ವಾಮಿನಾನಿಗೆ ಲಕ್ವ ಹೊಡೆದ ವರ್ಷ ಬೆಲ್ಮಾಂಟಿನ ಓಣಿಗಳಲ್ಲಿ ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದುಬಿಟ್ಟಿದ್ದರು: ಮುಂದಿನ ಕಾರ್ನಿವಲ್‌ಗೆ ‘ಏಳು ಕಡಲ ನಾವಿಕರು’ ಬೀದಿಗಿಳಿಯುವುದಿಲ್ಲ. ಅದು ಅವನ ಅಪ್ಪ ಕಟ್ಟಿದ, ನಾವಿಕರ ವೇಷ ಹಾಕಿ ಕುಣಿಯುವ ಮೇಳ. ಒಂದು ಕಾಲಕ್ಕೆ ಮೇಳದ ತಲೆ ಸವಾನಾ ಮೈದಾನದ ವೇದಿಕೆ ಹತ್ತಿದರೂ ಬಾಲ ಇನ್ನೂ ಬೆಲ್ಮಾಂಟ್ ಬಿಟ್ಟಿರುತ್ತಿರಲಿಲ್ಲ ಎಂದು ಹಳಬರು ಹೇಳಿಕೊಳ್ಳುತ್ತಿದ್ದರು. ಈಗ ಉಳಿದಿದ್ದವರು ಎರಡು ವ್ಯಾನುಗಳಲ್ಲಿ ತುಂಬುವಷ್ಟು ಮಂದಿ. ಅದರಲ್ಲೂ ಮುಕ್ಕಾಲು ಪಾಲು ಜನಕ್ಕೆ ಮಂಡಿನೋವು.

ಆದರೆ ಕ್ರಿಸ್‌ಮಸ್ಸಿನ ಹಂದಿಮಾಂಸ ಮುಗಿದು, ಬಾಗಿಲ ತೋರಣ ಬಿಚ್ಚಿದ್ದೇ ತಡ, ಆನ್ಸೆಲ್ಮ್ ಅಂಗಳಕ್ಕೆ ಕುರ್ಚಿ ಹಾಕಿಸಿಕೊಂಡು ತಂತಿ ಬಗ್ಗಿಸಲು ಕೂತ. ಬಲಗೈ ಗಟ್ಟಿಯಾಗಿತ್ತು. ಎಡಗೈ ತಂತಿಯನ್ನು ಒತ್ತಿ ಹಿಡಿಯುವಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತಿತ್ತು. ಅವನ ತಂಗಿ ಲಿಸ್ಟ್ರಾ ಜಗಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು ಕನ್ನಡಕದ ಮೇಲಿಂದ ನೋಡಿದಳು.

“ಏನಣ್ಣ ಅದು?”

“ಹಡಗಿಗೆ ದಾರಿ ತೋರಿಸೋ ದೀಪಸ್ತಂಭ. ಈ ಸಲ ನನ್ನ ಕಿರೀಟ.”

“ಡಾಕ್ಟರು ಏನು ಹೇಳಿದ್ರು ನಿನಗೆ?”

“ನಡೀಬೇಕು ಅಂತ ಹೇಳಿದ್ರು. ನಾನು ಸವಾನಾಕ್ಕೇ ನಡೀತೀನಿ.” ಆನ್ಸೆಲ್ಮ್ ತಂತಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ತಿರುವಿದ. “ಲಿಸ್ಟ್ರಾ, ಹಡಗಿಂದ ಇಳಿದ ನಾವಿಕ ಹೇಗೆ ನಡೀತಾನೆ ಹೇಳು ನೋಡೋಣ.”

“ಕುಡಿದು, ತೂರಾಡ್ತಾ.”

“ಹಾಗಾದ್ರೆ ನನ್ನಂಥ ನಾವಿಕ ಈ ಊರಲ್ಲೇ ಇಲ್ಲ. ಉಳಿದೋರೆಲ್ಲ ನಟನೆ ಮಾಡ್ಬೇಕು. ನಾನು ಸುಮ್ನೆ ನಡೆದ್ರೆ ಸಾಕು.”

ಗೋಡೆಯಾಚೆ ಕೇಳಿಸಿಕೊಂಡ ಫಿಟ್ಜ್‌ರಾಯ್ ಗೊಳ್ಳೆಂದು ನಕ್ಕ. ಅವನು ಮೇಳದ ಕಬ್ಬಿಣ ಬಡಿಯುವವನು. ಹಳೆಯ ಲಾರಿಯ ಬ್ರೇಕ್ ಡ್ರಮ್ಮಿನ ಮೇಲೆ ಅವನ ಸರಳು ಬಿದ್ದರೆ ಸತ್ತವರೂ ಕಾಲು ಕುಣಿಸುತ್ತಾರೆ ಎಂದು ಹೆಸರು. ಲಿಸ್ಟ್ರಾಳೂ ನಕ್ಕಳು. ಆದರೆ ಲಕ್ವ ಅಣ್ಣನ ಕಾಲನ್ನಷ್ಟೇ ಕೆಡಿಸಿಲ್ಲ ಎಂದು ಆ ಮನೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಉಚ್ಚೆ ಬಂದರೆ ತಡೆದುಕೊಳ್ಳುವ ಶಕ್ತಿ ಹೊರಟುಹೋಗಿತ್ತು. ಬಟ್ಟೆ ಒಗೆಯುವವಳು ಅವಳು. ಆ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಬಂದರಿನಲ್ಲಿ ಮುಗಿಲೆತ್ತರದ ಕ್ರೇನು ನಡೆಸಿದ್ದ ಮನುಷ್ಯ ಅವನು. ಅಂಥವನಿಗೆ ಮರ್ಯಾದೆಯೊಂದನ್ನಾದರೂ ಉಳಿಸಬೇಕಲ್ಲ.

ಆನ್ಸೆಲ್ಮ್‌ನ ಹೆಂಡತಿ ಎಂದೋ ನ್ಯೂಯಾರ್ಕಿಗೆ ಹೋದವಳು ಅಲ್ಲೇ ನಿಂತಿದ್ದಳು. ಆಗ ಅವರ ಮಗ ಗಾರ್ವಿನ್ ಇನ್ನೂ ಗೋಡೆ ಹಿಡಿದು ಹೆಜ್ಜೆ ಹಾಕುವ ಕೂಸು. ಲಿಸ್ಟ್ರಾ ತನಗೆ ಗೊತ್ತುಪಡಿಸಿದ್ದ ಮದುವೆಯನ್ನು ‘ಆಮೇಲೆ ನೋಡೋಣ’ ಎಂದು ಮುಂದೆ ಹಾಕಿ ಅಣ್ಣನ ಮನೆಗೆ ಬಂದಳು. ಆ ‘ಆಮೇಲೆ’ ಬರಲೇ ಇಲ್ಲ. ಗಾರ್ವಿನ್ ಅವಳ ಮಡಿಲಲ್ಲೇ ಬೆಳೆದ. ಈಗ ಅವನು ‘ಕೋರಲ್ ಕ್ರೌನ್’ ಎಂಬ ದೊಡ್ಡ ಮೇಳದ ರಸ್ತೆ ಉಸ್ತುವಾರಿ. ಆ ಮೇಳದಲ್ಲಿ ಸಾವಿರಾರು ಜನ. ಮೈತುಂಬ ಗರಿ, ಮಣಿ, ಮೈಮೇಲೆ ಅಂಗೈಯಗಲ ಬಟ್ಟೆ. ಹಾಡಿನ ಲಾರಿ, ಹೆಂಡದ ಲಾರಿ, ಊಟದ ಲಾರಿ, ಬಾತ್‌ರೂಮಿನ ಲಾರಿ, ಎಲ್ಲಕ್ಕೂ ಒಂದೊಂದು ಲಾರಿ. ಸುತ್ತ ಹಗ್ಗ. ಹಗ್ಗ ಹಿಡಿದು ನಡೆಯುವುದಕ್ಕೇ ಬಾಡಿಗೆ ಕಾವಲಿನವರು. ಕೈಗೆ ಮೇಳದ ಪಟ್ಟಿ ಕಟ್ಟಿದವರು ಹಗ್ಗದ ಒಳಗೆ, ಕಟ್ಟದವರು ಹೊರಗೆ.

ಗಾರ್ವಿನ್ ಜನವರಿಯ ಒಂದು ಭಾನುವಾರ ಮನೆಗೆ ಬಂದು ಕಲಲೂ ಸೊಪ್ಪಿನ ಸಾರು ಸುರಿದುಕೊಂಡು ಉಂಡ. ಅಪ್ಪನ ಕಿರೀಟವನ್ನು ಸುತ್ತಿ ಸುತ್ತಿ ನೋಡಿದ.

“ಅಪ್ಪ, ಬಿಸಿಲಲ್ಲಿ ನಿಂತ್ಕೊಳ್ಳೋಕಾಗಲ್ಲ ನಿನಗೆ. ಕಾರ್ನಿವಲ್ ಮಂಗಳವಾರ ಆ ಬೀದೀಲಿ ಎಂಥಾ ನೂಕುನುಗ್ಗಲು ಗೊತ್ತಲ್ಲ.”

“ಹಾಗಂತ ಮನೇಲಿ ಕೂತ್ಕೋಬೇಕಾ?”

“ಕೂತ್ಕೋ ಅಂದ್ನಾ ನಾನು? ನೀವು ಬೆಳಿಗ್ಗೆ ಬೇಗ ಬಂದು ಸವಾನಾ ಮೂಲೇಲಿ ನಿಂತ್ಕೊಳ್ಳಿ. ನಮ್ಮ ಮೇಳ ಬಂದ್ರೂ ನಿಮ್ಮನ್ನ ಮುಂದೆ ಬಿಟ್ಟು ವೇದಿಕೆ ಹತ್ತಿಸೋದು ನನ್ನ ಜವಾಬ್ದಾರಿ. ಗಾರ್ವಿನ್ ಇದ್ದಾನೆ ಅಂದ್ಮೇಲೆ ಚಿಂತೆ ಯಾಕೆ?”

ಆ ದಿನದಿಂದ ಆನ್ಸೆಲ್ಮ್ ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಕೂಗಿ ನಿಲ್ಲಿಸಿ ಹೇಳತೊಡಗಿದ: “ವೇದಿಕೆ ಹತ್ರ ನನ್ನ ಮಗ ಇರ್ತಾನೆ. ಅವನ ಕೈಯಲ್ಲೇ ಇದೆಯಂತೆ ಎಲ್ಲಾ.”

* * *

ಮಂಗಳವಾರ ಬೆಳಿಗ್ಗೆ ಕರಿದ ರೊಟ್ಟಿ, ಉಪ್ಪುಮೀನು ತಿಂದು ಮೇಳ ಹೊರಟಿತು. ಎಲ್ಲರಿಗೂ ಲಿಸ್ಟ್ರಾ ಹೊಲಿದ ಬಿಳಿ ಷರಾಯಿ, ನೀಲಿ ಕಾಲರಿನ ಬಿಳಿ ಅಂಗಿ. ಮುಖಕ್ಕೆ ಪೌಡರು. ಒಬ್ಬರ ತಲೆಯ ಮೇಲೆ ಮೀನು, ಇನ್ನೊಬ್ಬರ ತಲೆಯ ಮೇಲೆ ಆನೆಯ ಸೊಂಡಿಲು, ಆನ್ಸೆಲ್ಮ್‌ನ ತಲೆಯ ಮೇಲೆ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ. ಮುಂದೆ ಇಬ್ಬರು ಮೇಳದ ಹಳೆಯ ಬಾವುಟ ಹಿಡಿದಿದ್ದರು. ಅದರ ಮೇಲಿನ ಅಕ್ಷರಗಳನ್ನು ಲಿಸ್ಟ್ರಾಳ ಅಪ್ಪನೇ ಬರೆದದ್ದು. ಅವಳು ಹೆಗಲಿಗೆ ಚೀಲ ಹಾಕಿಕೊಂಡಿದ್ದಳು. ದಾರ, ಸೂಜಿ, ಪಿನ್ನು, ದರ್ಜಿ ಕತ್ತರಿ, ಎರಡು ಬಾಟಲಿ ನೀರು. ಅಣ್ಣನಿಗೆಂದು ಒಂದು ಬದಲಿ ಷರಾಯಿಯನ್ನೂ ಇಡಬೇಕೆಂದುಕೊಂಡಿದ್ದಳು. ಚೀಲ ಕಟ್ಟುವಾಗ ಅವನು ಎದುರಿಗೇ ನಿಂತಿದ್ದನಾದ್ದರಿಂದ ಇಡಲಿಲ್ಲ.

ಫಿಟ್ಜ್‌ರಾಯ್ ಕಬ್ಬಿಣ ಬಡಿದ. ಆನ್ಸೆಲ್ಮ್ ಎಡಗಾಲು ಎಳೆಯುತ್ತ, ಕೋಲೂರಿ, ಮೈಯನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತೂಗುತ್ತ ಹೊರಟ. ಕಿಟಕಿ ಕಿಟಕಿಗಳಿಂದ ಚಪ್ಪಾಳೆ. ಮುದುಕಿಯೊಬ್ಬಳು “ಆನ್ಸೆಲ್ಮ್, ಇನ್ನೂ ಸತ್ತಿಲ್ವೇನೋ ನೀನು!” ಎಂದು ಕೂಗಿದಳು. “ನಿನ್ನ ಬಿಟ್ಟು ಹೇಗೆ ಸಾಯ್ಲಿ ಡಾರ್ಲಿಂಗ್!” ಎಂದು ಅವನು ಅವಳ ಮೇಲೆ ಹಿಡಿ ಪೌಡರು ಎರಚಿದ. ಲಿಸ್ಟ್ರಾ ಅಣ್ಣನನ್ನು ಅಷ್ಟು ಖುಷಿಯಲ್ಲಿ ನೋಡಿ ಬಹಳ ಕಾಲವಾಗಿತ್ತು.

ಸವಾನಾದ ತಿರುವಿಗೆ ಅವರು ಎಲ್ಲರಿಗಿಂತ ಮುಂಚೆ ತಲುಪಿದರು. ವೇದಿಕೆ ಕಣ್ಣಿಗೆ ಬೀಳುತ್ತಿತ್ತು. ಆದರೆ ಸರದಿ ಬಿಡುವವರು ಇನ್ನೂ ಕೈಸನ್ನೆ ಮಾಡಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ನೆಲ ನಡುಗಿತು. ಕೋರಲ್ ಕ್ರೌನಿನ ಮೊದಲ ಹಾಡಿನ ಲಾರಿ ಮೂಲೆ ತಿರುಗಿ ಬಂತು. ಅದರ ಸದ್ದಿನಲ್ಲಿ ಫಿಟ್ಜ್‌ರಾಯ್‌ನ ಕಬ್ಬಿಣ ಅವನಿಗೇ ಕೇಳಿಸದಾಯಿತು. ಲಾರಿಯ ಮುಂದೆ ಗಾರ್ವಿನ್. ಕಪ್ಪು ಟೀ ಶರ್ಟು, ಕೈಯಲ್ಲಿ ವಾಕಿಟಾಕಿ.

“ಅತ್ತೆ, ಒಂಚೂರು ಪಕ್ಕಕ್ಕೆ ಸರೀರಿ. ಒಂದೇ ಒಂದು ಗುಂಪು ಬಿಡ್ತೀನಿ, ಟೀವಿಯೋರು ಕಾಯ್ತಿದ್ದಾರೆ. ಅದರ ಹಿಂದೇನೇ ನೀವು.”

“ನಾವು ಮೊದ್ಲು ಬಂದಿದ್ದು ಕಣೋ.”

“ಗೊತ್ತು ಅತ್ತೆ, ಐದೇ ನಿಮಿಷ. ಅಪ್ಪನ ಆಣೆ.”

ಆನ್ಸೆಲ್ಮ್ ನಗುತ್ತ ಕೋಲೆತ್ತಿದ. “ಸರೀರಪ್ಪ ಎಲ್ಲರೂ. ಹುಡುಗನ ಕೆಲಸಕ್ಕೆ ಕಲ್ಲು ಹಾಕ್ಬೇಡಿ.”

ನಾವಿಕರು ಪಕ್ಕದ ಕಾಲುದಾರಿಗೆ ಸರಿದರು. ಸರಿದದ್ದೇ ತಪ್ಪಾಯಿತು. ಅವರ ಮುಂದೆ ಹಗ್ಗ ಹಾದುಹೋಯಿತು. ಹಗ್ಗದ ಒಳಗೆ ಹಸಿರು ಗರಿಯ ಗುಂಪು, ಅದರ ಹಿಂದೆ ಕಿತ್ತಳೆ, ಕಿತ್ತಳೆಯ ಹಿಂದೆ ಬೆಳ್ಳಿ. ಒಂದೊಂದು ಗುಂಪೂ ವೇದಿಕೆ ಹತ್ತಿ, ಕುಣಿದು, ಇಳಿಯಲೊಲ್ಲದೆ ಮತ್ತೆ ಕುಣಿಯುತ್ತಿತ್ತು. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಕಾಲುದಾರಿಯಲ್ಲಿ ಒಂದು ಎಲೆಯಷ್ಟು ನೆರಳಿರಲಿಲ್ಲ. ಮೀನಿನ ಕಿರೀಟದ ಮುದುಕ ಕಿರೀಟ ಕಳಚಿ ಅದರ ಮೇಲೇ ಕೂತ. ಒಂದಿಬ್ಬರು ಹೆಂಗಸರು “ಸಾಕಮ್ಮ, ನಮ್ಮ ಕೈಲಾಗಲ್ಲ” ಎಂದು ಮನೆಕಡೆ ತಿರುಗಿದರು.

ಫಿಟ್ಜ್‌ರಾಯ್ ಸರಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. “ಲಿಸ್ಟ್ರಾ, ನಿನ್ನ ಸೋದರಳಿಯನ ಐದು ನಿಮಿಷ ಬಲು ಉದ್ದ ಕಣೆ. ದೇವರು ಭೂಮೀನ ಇಷ್ಟರೊಳಗೆ ಮಾಡಿ ಮುಗಿಸಿ ಮಲಗಿದ್ದ.”

ಲಿಸ್ಟ್ರಾ ಅಣ್ಣನ ಮುಖ ನೋಡುತ್ತಿದ್ದಳು. ಪೌಡರಿನ ನಡುವೆ ಬೆವರು ಕಾಲುವೆ ಕೊರೆದಿತ್ತು. ನೀರಿನ ಬಾಟಲಿ ಎರಡೂ ಖಾಲಿ. ಬಿಸಿಲಿಗೆ ಹೆದರಿ ಅವಳೇ ಅವನಿಗೆ ಮತ್ತೆ ಮತ್ತೆ ಕುಡಿಸಿದ್ದಳು. ಅವನು ಅವಳ ತೋಳು ಹಿಡಿದುಕೊಂಡ.

“ಲಿಸ್ಟ್ರಾ.”

ಅಷ್ಟೇ ಅಂದದ್ದು. ಅವಳಿಗೆ ಅರ್ಥವಾಯಿತು. ಮಂಡಿಗೆ ಮಂಡಿ ಒತ್ತಿಕೊಂಡು ನಿಂತಿದ್ದ.

ಎದುರಿಗೆ, ಹಗ್ಗದ ಆಚೆ, ನಾಲ್ಕು ಮಾರು ದೂರದಲ್ಲಿ ಬಾತ್‌ರೂಮಿನ ಲಾರಿ ನಿಂತಿತ್ತು. ಹಿಂಬದಿಯಲ್ಲಿ ಏಣಿ, ಸಾಲಾಗಿ ಬಾಗಿಲು. ಬಾಗಿಲುಗಳು ತೆರೆದೇ ಇದ್ದವು. ಅವಳು ಅಣ್ಣನನ್ನು ಫಿಟ್ಜ್‌ರಾಯ್‌ಗೆ ಆನಿಸಿ ಹಗ್ಗದ ಬಳಿ ಹೋದಳು. ಹಗ್ಗ ಹಿಡಿದಿದ್ದವಳು ಇನ್ನೂ ಎಳೆಯ ವಯಸ್ಸಿನ ಹುಡುಗಿ.

“ಮಗಾ, ನಮ್ಮಣ್ಣನಿಗೆ ಬಾತ್‌ರೂಮ್ ಬೇಕು. ಆರಾಮಿಲ್ಲ ಅವನಿಗೆ. ಹೋಗಿ ಬಂದ್ಬಿಡ್ತಾನೆ.”

“ಕೈಪಟ್ಟಿ ಇದೆಯಾ ಆಂಟಿ?”

“ನಾವು ಬೇರೆ ಮೇಳದೋರಮ್ಮ.”

“ಪಟ್ಟಿ ಇಲ್ದೆ ಬಿಡೋ ಹಾಗಿಲ್ಲ. ನನ್ನ ಕೆಲಸ ಹೋಗುತ್ತೆ.”

“ಲಕ್ವ ಹೊಡೆದಿರೋ ಮನುಷ್ಯ ತಾಯೀ. ನೋಡು, ಅಲ್ಲಿದ್ದಾನೆ.”

ಹುಡುಗಿ ನೋಡಲಿಲ್ಲ. ನೋಡಿದರೆ ಬಿಡಬೇಕಾದೀತೆಂದು ನೋಡಲಿಲ್ಲ. “ನಮ್ಮ ಮೇಲಿನೋರನ್ನ ಕೇಳಿ,” ಎಂದು ಗಲ್ಲದಿಂದ ತೋರಿಸಿದಳು.

ಅವಳು ತೋರಿಸಿದ ಕಡೆ ಗಾರ್ವಿನ್ ನಿಂತಿದ್ದ. ಪಕ್ಕದಲ್ಲಿ ಕರಿ ಕನ್ನಡಕದ ಹೆಂಗಸು, ಮೇಳದ ಯಜಮಾನಿ. ಲಿಸ್ಟ್ರಾಳಿಗೆ ಹೋದ ಉಸಿರು ಬಂದಂತಾಯಿತು.

“ಗಾರ್ವಿನ್! ಏ ಗಾರ್ವಿನ್!”

ಅವನು ತಿರುಗಿದ. ಅತ್ತೆಯನ್ನು ನೋಡಿದ. ಅವಳು ಕೈ ಚಾಚಿದ ಕಡೆ ನೋಡಿದ. ಅಲ್ಲಿ ಅವನ ಅಪ್ಪ, ತಲೆಯ ಮೇಲೆ ದೀಪಸ್ತಂಭ ಓರೆಯಾಗಿ, ಮೈ ಮುದುಡಿ, ಎರಡೂ ಕೈಯಲ್ಲಿ ಕೋಲು ಹಿಡಿದು ನಡುಗುತ್ತ ನಿಂತಿದ್ದ. ಗಾರ್ವಿನ್ ನೋಡಿದ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನೋಡಿದ. ಯಜಮಾನಿ ಏನೋ ಕೇಳಿದಳು. ಅವನು ತಲೆ ಅಲ್ಲಾಡಿಸಿ, ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಬೆನ್ನು ತಿರುಗಿಸಿದ.

ಲಿಸ್ಟ್ರಾ ಆಮೇಲೆ ಏನು ಮಾಡಿದಳೋ ಅದನ್ನು ಯೋಚನೆ ಮಾಡಿ ಮಾಡಲಿಲ್ಲ. ಚೀಲಕ್ಕೆ ಕೈ ಹೋಯಿತು, ಕತ್ತರಿ ಬಂತು. ಹಗ್ಗ ದಪ್ಪಗಿತ್ತು. ಆದರೆ ಅವಳ ಕತ್ತರಿ ದಪ್ಪ ಖಾಕಿಯನ್ನು ನಾಲ್ಕು ಮಡಿಕೆ ಕತ್ತರಿಸುವಂಥದು. “ಆಂಟಿ, ಆಂಟಿ!” ಎಂದು ಹುಡುಗಿ ಕಿರುಚುವಷ್ಟರಲ್ಲಿ ಹಗ್ಗ ಎರಡಾಗಿ ಬಿತ್ತು. ಬೀದಿಬದಿಯಲ್ಲಿ ಬೆಳಗಿನಿಂದ ನಿಂತು ನೋಡುತ್ತಿದ್ದ ಜನ ಹೋ ಎಂದು ಕೂಗಿ, ಕಟ್ಟೆಯೊಡೆದ ನೀರಿನ ಹಾಗೆ ಒಳಗೆ ನುಗ್ಗಿದರು. ಯಾರೋ ಅವಳನ್ನು ಎತ್ತಿ ಮುತ್ತಿಟ್ಟರು, ಯಾರೋ ತಳ್ಳಿದರು. ಅವಳು ಮಣಿಕಟ್ಟಿನ ಮೇಲೆ ಬಿದ್ದಳು. ಎದ್ದವಳೇ ಜನರನ್ನು ಮೊಣಕೈಯಲ್ಲಿ ಸೀಳಿಕೊಂಡು ಅಣ್ಣನ ಹತ್ತಿರ ಓಡಿದಳು.

“ಬಾ ಅಣ್ಣ, ಬಾ, ದಾರಿ ಆಯ್ತು.”

ಆನ್ಸೆಲ್ಮ್ ಅಲುಗಲಿಲ್ಲ. ನಡುಕ ನಿಂತಿತ್ತು. ಬಿಳಿ ಷರಾಯಿಯ ಮೇಲೆ ತೊಡೆಯಿಂದ ಪಾದದವರೆಗೆ ಬಣ್ಣ ಬದಲಾಗಿತ್ತು. ಅವನು ಅವಳನ್ನು ನೋಡದೆ, ಎದುರಿನ ಲಾರಿಯನ್ನೇ ನೋಡುತ್ತ ನಿಂತಿದ್ದ.

“ಮನೆಗೆ ಕರ್ಕೊಂಡು ಹೋಗು,” ಎಂದ.

ಬೇರೆ ಬಟ್ಟೆ ಇರಲಿಲ್ಲ. ಅವಳು ಬಾವುಟದ ಕೋಲುಗಳನ್ನು ಎಳೆದು, ಅಪ್ಪ ಬರೆದ ಅಕ್ಷರಗಳಿದ್ದ ಆ ಬಟ್ಟೆಯನ್ನು ಅಣ್ಣನ ಸೊಂಟಕ್ಕೆ ಲುಂಗಿಯಂತೆ ಸುತ್ತಿ ಪಿನ್ನು ಚುಚ್ಚಿದಳು. ಅವಳ ಎಡಗೈ ಊದಿಕೊಳ್ಳುತ್ತಿತ್ತು, ಪಿನ್ನು ಒಂದೆರಡು ಸಲ ಜಾರಿತು. ಫಿಟ್ಜ್‌ರಾಯ್ ಕಿರೀಟ ಎತ್ತಿಕೊಂಡ. ಅವನು ಆ ದಿನ ಮತ್ತೆ ತಮಾಷೆ ಮಾಡಲಿಲ್ಲ.

ಬೆಲ್ಮಾಂಟಿನ ಏರು ಹತ್ತುವಾಗ ದಾರಿಬದಿಯಲ್ಲಿ ಕುಡಿಯುತ್ತ ನಿಂತವರು ಆ ಬಾವುಟದ ಲುಂಗಿ ನೋಡಿ ಚಪ್ಪಾಳೆ ತಟ್ಟಿದರು. “ಹೊಸಾ ವೇಷ! ಸೂಪರ್ ತಾತಾ! ಒಂದು ಹೆಜ್ಜೆ ಹಾಕು!” ಆನ್ಸೆಲ್ಮ್ ತಲೆ ತಗ್ಗಿಸಿಕೊಂಡು ನಡೆದ. ಕುಡಿದ ನಾವಿಕನ ಹಾಗೇ ಇತ್ತು ಅವನ ನಡಿಗೆ. ಅವರಿಗೆ ಹೇಗೆ ಗೊತ್ತಾಗಬೇಕು?

* * *

ಮರುದಿನ, ವಿಭೂತಿ ಬುಧವಾರ, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ತಿರುಗುವಾಗ ಹಿಂದಿನ ಸಾಲಿನಿಂದ ಪಿಸುಮಾತು ಕೇಳಿತು: “ಇವಳೇ ಕಣೆ, ಕತ್ತರಿ ಆಂಟಿ.” ಆಗಲೇ ಲಿಸ್ಟ್ರಾಳಿಗೆ ಗೊತ್ತಾದದ್ದು. ಯಾರೋ ಫೋನಿನಲ್ಲಿ ತೆಗೆದಿದ್ದರು. ನಾವಿಕ ವೇಷದ ಮುದುಕಿ, ಪೌಡರು ಮೆತ್ತಿದ ಮುಖ, ಹಗ್ಗ ಕಚಕ್ಕನೆ ಎರಡು. ಅಷ್ಟೇ ಇತ್ತು ಅದರಲ್ಲಿ. ಅದಕ್ಕಿಂತ ಮುಂಚಿನದೂ ಇರಲಿಲ್ಲ, ಆಮೇಲಿನದೂ ಇರಲಿಲ್ಲ.

ಇಡೀ ದ್ವೀಪ ಅದನ್ನು ನೋಡಿ ನಕ್ಕಿತು. ರೇಡಿಯೋದಲ್ಲಿ ದಿನಗಟ್ಟಲೆ ಅದೇ ಚರ್ಚೆ. ಬೀದಿ ಯಾರಪ್ಪನ ಸ್ವತ್ತು ಎಂದು ಒಬ್ಬ, ಮುದುಕಿಯನ್ನು ಮಂತ್ರಿ ಮಾಡಿ ಎಂದು ಇನ್ನೊಬ್ಬ, ವಯಸ್ಸಾದವರು ಮನೆಯಲ್ಲಿರಬೇಕು ಎಂದು ಮತ್ತೊಬ್ಬಳು. ಮಾರುಕಟ್ಟೆಯಲ್ಲಿ ಮೀನಿನವನು ಅವಳಿಗೆ ಒಂದು ಮೀನು ಹೆಚ್ಚು ಹಾಕಿ, ಕೈಬೆರಳನ್ನು ಕತ್ತರಿಯಂತೆ ಆಡಿಸಿ ಕಣ್ಣು ಹೊಡೆದ. ಟೀವಿಯಿಂದ ಹುಡುಗಿಯೊಬ್ಬಳು ಮೈಕು ಹಿಡಿದು ಅಂಗಳಕ್ಕೇ ಬಂದಳು.

“ಆಂಟಿ, ಯಾಕೆ ಕತ್ತರಿಸಿದ್ರಿ? ಆ ಗಳಿಗೇಲಿ ನಿಮ್ಮ ಮನಸ್ಸಲ್ಲಿ ಏನಿತ್ತು?”

ಕಿಟಕಿಯ ಪರದೆಯ ಹಿಂದೆ ಆನ್ಸೆಲ್ಮ್ ಕೂತಿದ್ದ. ಆ ಮಂಗಳವಾರದಿಂದ ಅವನು ಅಂಗಳಕ್ಕೆ ಇಳಿದಿರಲಿಲ್ಲ. ಲಿಸ್ಟ್ರಾ ಬ್ಯಾಂಡೇಜು ಸುತ್ತಿದ ಕೈಯನ್ನು ಅಂಗಿಯ ಮಡಿಕೆಯಲ್ಲಿ ಮರೆಮಾಡಿಕೊಂಡಳು.

“ದಾರಿ ಬೇಕಿತ್ತು,” ಎಂದಳು.

“ಬರೀ ಅಷ್ಟೇನಾ?”

“ಅಷ್ಟೇ.”

ಸಂಜೆಯ ಸುದ್ದಿಯಲ್ಲಿ ಅವಳು ಬಡವರ ಬೀದಿಯ ಹಕ್ಕಿಗಾಗಿ ಹೋರಾಡಿದ ಧೀರೆಯಾಗಿದ್ದಳು. ಲಿಸ್ಟ್ರಾ ಟೀವಿ ಆರಿಸಿದಳು. ನಿಜ ಹೇಳಿದರೆ ಅಣ್ಣನ ಮಾನ ಹೋಗುತ್ತದೆ, ಹೇಳದಿದ್ದರೆ ಸುಳ್ಳಿಗೆ ಹೂಮಾಲೆ ಹಾಕಿಸಿಕೊಂಡಂತೆ. ಬಾಯಿಗೆ ಬಂದ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ನುಂಗಿದಳು.

ಗಾರ್ವಿನ್ ಈಸ್ಟರಿಗೂ ಬರಲಿಲ್ಲ. ಆನ್ಸೆಲ್ಮ್ ದಿನಾ ಕೇಳುತ್ತಿದ್ದ: “ಹುಡುಗನಿಗೆ ಕೆಲಸ ಜಾಸ್ತಿ ಇರ್ಬೇಕು, ಅಲ್ವಾ?” “ಇರ್ಬೇಕು,” ಎನ್ನುತ್ತಿದ್ದಳು. ಅವನು ಬಂದದ್ದು ಮಳೆಗಾಲ ಶುರುವಾದ ಮೇಲೆ, ಒಂದು ಮಧ್ಯಾಹ್ನ. ಆನ್ಸೆಲ್ಮ್ ಒಳಗೆ ನಿದ್ದೆ ಮಾಡುತ್ತಿದ್ದ. ಗಾರ್ವಿನ್ ಅತ್ತೆಗೆ ಇಷ್ಟವೆಂದು ತೆಂಗಿನ ಬ್ರೆಡ್ಡು ತಂದಿದ್ದ. ಅದನ್ನು ಅವಳು ತುಳಿಯುತ್ತಿದ್ದ ಹೊಲಿಗೆ ಯಂತ್ರದ ಮೇಜಿನ ಮೇಲಿಟ್ಟು ಮೆಟ್ಟಿಲ ಮೇಲೆ ಕೂತ.

“ಬೈಯೋದಿದ್ರೆ ಬೈದು ಮುಗಿಸ್ಬಿಡು ಅತ್ತೆ. ಆಮೇಲೆ ಒಂದು ವಿಷ್ಯ ಇದೆ.”

“ಮೊದ್ಲು ವಿಷ್ಯ ಹೇಳು.”

“ಮುಂದಿನ ವರ್ಷಕ್ಕೆ ನಮ್ಮ ಮೇಳದಲ್ಲಿ ಒಂದು ನಾವಿಕರ ಗುಂಪು ಮಾಡ್ತಿದ್ದೀವಿ. ಬಿಳಿ, ನೀಲಿ. ಕೈಯಲ್ಲಿ ಬಂಗಾರದ ಬಣ್ಣದ ಕತ್ತರಿ.” ಅವನು ಅತ್ತೆಯ ಮುಖ ನೋಡಿ ಬೇಗ ಬೇಗ ಮಾತು ಮುಂದುವರಿಸಿದ. “ತಮಾಷೆ ಅಲ್ಲ ಅತ್ತೆ, ಗೌರವಕ್ಕೆ! ಜನಕ್ಕೆ ನೀನಂದ್ರೆ ಪ್ರಾಣ. ಗುಂಪಿನ ಮುಂದೆ ನೀನೇ ನಡೀಬೇಕು ಅಂತ ಯಜಮಾನಿ ಆಸೆ. ಬಿಸಿಲಿಗೆ ಕೊಡೆ, ಕೂರೋಕೆ ಕುರ್ಚಿ, ಎಲ್ಲಾ ಇರುತ್ತೆ.”

“ಬಾತ್‌ರೂಮ್?”

ಗಾರ್ವಿನ್ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದ.

ಲಿಸ್ಟ್ರಾ ಯಂತ್ರದ ಚಕ್ರಕ್ಕೆ ಕೈ ಇಟ್ಟು ನಿಲ್ಲಿಸಿದಳು. “ನಿಮ್ಮಪ್ಪನ್ನ ಅವತ್ತು ನೋಡಿದ್ಯಾ?”

“ಯಾವಾಗ?”

“ಗಾರ್ವಿನ್.”

ಅವನು ದಾರ ಬಿಚ್ಚಿ ಮತ್ತೆ ಕಟ್ಟಿದ. “ನೋಡಿದೆ.”

“ಪೂರ್ತಿ?”

“ಪೂರ್ತಿ.” ಅವನ ದನಿ ಚಿಕ್ಕ ಹುಡುಗನ ದನಿಯಾಗಿತ್ತು. “ಯಜಮಾನಿ ಪಕ್ಕದಲ್ಲೇ ಇದ್ಲು. ಅವರು ಯಾರು ಅಂತ ಕೇಳಿದ್ಲು. ಗೊತ್ತಿಲ್ಲ ಅಂದೆ.”

“ಕೆಲಸ ಹೋಗುತ್ತೆ ಅಂತಾನಾ?”

ಹೂಂ ಎಂದಿದ್ದರೆ ಲಿಸ್ಟ್ರಾ ಬಹುಶಃ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಹೊಟ್ಟೆಪಾಡು ಎಂಥೆಂಥವರಿಂದಲೂ ಏನೇನೋ ಮಾಡಿಸುತ್ತದೆ. ಹಗ್ಗ ಹಿಡಿದಿದ್ದ ಹುಡುಗಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೆ ಗಾರ್ವಿನ್ ಅತ್ತೆಯೆದುರು ಎಂದೂ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ.

“ನಾಚಿಕೆ ಆಯ್ತು ಅತ್ತೆ. ಆ ಪೌಡರು, ಆ ಕಾಗದದ ಕಿರೀಟ, ಮೈ ಹಾಗೆ ಮುದುಡ್ಕೊಂಡು... ಅಷ್ಟು ಜನದ ಮುಂದೆ ಇವರು ನಮ್ಮಪ್ಪ ಅಂತ ಹೇಳೋಕೆ ನಾಲಗೆ ಹೊರಳಲಿಲ್ಲ.”

ಮಳೆಹನಿ ತಗಡಿನ ಮೇಲೆ ಒಂದೊಂದೇ ಬೀಳತೊಡಗಿತು.

“ನಿನ್ನ ಹೇಲು ಉಚ್ಚೆ ಬಾಚಿದ ಕೈ ಕಣೋ ಇದು,” ಎಂದಳು ಲಿಸ್ಟ್ರಾ. ಕೂಗಲಿಲ್ಲ, ಒಳಗೆ ಮಲಗಿದವನು ಏಳಬಾರದು. “ನಿಮ್ಮಮ್ಮ ಬಿಟ್ಟುಹೋದಾಗ ಓಣಿಯೆಲ್ಲ ನಮ್ಮನ್ನ ನೋಡಿ ನಗ್ತಿತ್ತು. ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಅದೇ ಓಣೀಲಿ ಮೇಳ ನಡೆಸಿದೋನು ಅವನು. ಒಂದು ದಿನ, ಒಂದೇ ಒಂದು ದಿನ, ನಿನ್ನಿಂದ ನಮಗೆ ನಾಚಿಕೆ ಆಯ್ತು ಅಂತ ಅಂದುಕೊಂಡಿದ್ವಾ ನಾವು?”

“ಅತ್ತೆ...”

“ಎದ್ದು ಹೋಗು. ಬ್ರೆಡ್ಡೂ ತಗೊಂಡು ಹೋಗು.”

“ನೀನು ಬಂದ್ರೂ ಬರ್ದಿದ್ರೂ ಆ ಗುಂಪು ಹೊರಡುತ್ತೆ ಅತ್ತೆ. ವೇಷದ ಚಿತ್ರ ಎಲ್ಲಾ ಆಗಿದೆ. ನೀನು ಬರ್ಲಿ ಅಂತ ನಾನೇ ಹೇಳಿದ್ದು. ಒಂದು ರೀತೀಲಿ ಸರಿ ಮಾಡೋಣ ಅಂತ...”

ಅಷ್ಟರಲ್ಲಿ ಒಳಗಿಂದ ಮಂಚ ಕಿರುಗುಟ್ಟಿತು. “ಯಾರದು? ಗಾರ್ವಿನ್ನಾ? ಏ ಲಿಸ್ಟ್ರಾ, ಹುಡುಗ ಬಂದಿದ್ದಾನಾ?”

ಆನ್ಸೆಲ್ಮ್ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ. ಮಗನನ್ನು ಕಂಡ ಮುಖ ಹೇಗೆ ಬೆಳಗಿತೆಂದರೆ ಲಿಸ್ಟ್ರಾ ಕಣ್ಣು ಬೇರೆ ಕಡೆ ಹೊರಳಿಸಿದಳು. ಗಾರ್ವಿನ್ ಎದ್ದು ಅಪ್ಪನ ತೋಳಿಗೆ ಕೈಕೊಟ್ಟು ಕೂರಿಸಿದ. ನಾವಿಕರ ಗುಂಪಿನ ಸುದ್ದಿ ಹೇಳಿದ. ಕತ್ತರಿಯ ಸುದ್ದಿ ಹೇಳಲಿಲ್ಲ. ಕಿರೀಟ ಕಟ್ಟುವ ಬಗೆ ಅಲ್ಲಿ ಯಾರಿಗೂ ಗೊತ್ತಿಲ್ಲ, ಆ ದೀಪಸ್ತಂಭ ಒಮ್ಮೆ ತೋರಿಸ್ತೀಯಾ ಎಂದು ಕೇಳಿದ.

“ತೋರಿಸೋದೇನು ಬಂತು, ತಗೊಂಡೇ ಹೋಗು!” ಆನ್ಸೆಲ್ಮ್ ಅಷ್ಟು ತಿಂಗಳ ಮೇಲೆ ಮೊದಲ ಸಲ ಅಂಗಳಕ್ಕೆ ಇಳಿದ. ತಂತಿಯನ್ನು ಎಲ್ಲಿ ಸಡಿಲ ಬಿಡಬೇಕು, ಕಾಗದದ ಗಂಜಿಯನ್ನು ಎಷ್ಟು ತೆಳುವಾಗಿ ಹಚ್ಚಬೇಕು, ಕತ್ತಿನ ಭಾರ ಭುಜಕ್ಕೆ ಹೇಗೆ ಇಳಿಸಬೇಕು ಎಂದು ಮಗನ ಕೈ ಹಿಡಿದು ತೋರಿಸಿದ. ಗಾರ್ವಿನ್ ತಲೆಯಾಡಿಸುತ್ತ ಕೇಳಿದ, ಫೋನಿನಲ್ಲಿ ಫೋಟೋ ತೆಗೆದುಕೊಂಡ. ಒಂದು ಸಲ ತಲೆಯೆತ್ತಿ ಅತ್ತೆಯ ಕಡೆ ನೋಡಿದ. ಲಿಸ್ಟ್ರಾ ಯಂತ್ರ ತುಳಿಯುತ್ತಿದ್ದಳು. ಸೂಜಿಯಲ್ಲಿ ದಾರವಿರಲಿಲ್ಲ.

* * *

ಮುಂದಿನ ಕಾರ್ನಿವಲ್‌ಗೆ ಏಳು ಕಡಲ ನಾವಿಕರು ಹೊರಡಲಿಲ್ಲ. ಮೀನಿನ ಕಿರೀಟದ ಮುದುಕ ತೀರಿಕೊಂಡಿದ್ದ. ಫಿಟ್ಜ್‌ರಾಯ್ ತನ್ನ ಕಬ್ಬಿಣವನ್ನು ಇನ್ನೊಂದು ಮೇಳಕ್ಕೆ ಒಯ್ದ. ಹೋಗುವ ಮುನ್ನ ಬಂದು, “ಕೈ ಸುಮ್ನಿರಲ್ಲ ಕಣೆ ಲಿಸ್ಟ್ರಾ, ಏನ್ ಮಾಡ್ಲಿ?” ಎಂದು ಹೇಳಿ ಹೋಗಿದ್ದ.

ಮಂಗಳವಾರ ಬೆಳಿಗ್ಗೆಯೇ ಆನ್ಸೆಲ್ಮ್ ಟೀವಿ ಹಾಕಿಸಿಕೊಂಡು ಕೂತ. ಕ್ಷೌರ ಮಾಡಿಸಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಪಕ್ಕದ ಮನೆಯ ಈನಾಳನ್ನೂ ಕೂಗಿ ಕರೆದ. “ಬಾ, ಬಾ, ನನ್ನ ಮಗ ಬರ್ತಾನೆ ಇವಾಗ.” ಲಿಸ್ಟ್ರಾ ಅಡುಗೆಮನೆಯಲ್ಲಿ ಪೆಲಾವ್ ಅನ್ನಕ್ಕೆ ಬಣ್ಣ ಬರಲೆಂದು ಸಕ್ಕರೆ ಕೆಂಪಗೆ ಕರಗಿಸಿ ಕೋಳಿ ಹಾಕಿದಳು. ಅಷ್ಟರಲ್ಲಿ ಸಕ್ಕರೆ ತುಸು ಹೆಚ್ಚೇ ಕಪ್ಪಗಾಗಿತ್ತು.

“ಲಿಸ್ಟ್ರಾ! ಬಂದ, ಬಂದ! ಓಡಿ ಬಾರೆ!”

ಅವಳು ಸೌಟು ಹಿಡಿದೇ ಬಾಗಿಲಲ್ಲಿ ನಿಂತಳು. ವೇದಿಕೆಯ ತುಂಬ ಹುಡುಗಿಯರು, ತಲೆಗೆ ನಾವಿಕರ ಟೋಪಿ, ಮೈಗೆ ನೀಲಿ ಮಣಿ, ಕೈಯಲ್ಲಿ ಹೊಳೆಯುವ ಕತ್ತರಿ. ಹಾಡಿನ ತಾಳಕ್ಕೆ ಎಲ್ಲರೂ ಒಟ್ಟಿಗೆ ಕತ್ತರಿಯನ್ನು ಗಾಳಿಯಲ್ಲಿ ಆಡಿಸಿ ಕಿರುಚುತ್ತಿದ್ದರು. ಮುಂದೆ ಗಾರ್ವಿನ್. ಮುಖಕ್ಕೆ ಪೌಡರು, ತಲೆಯ ಮೇಲೆ ದೀಪಸ್ತಂಭ, ಆದರೆ ಅಪ್ಪನದಕ್ಕಿಂತ ಮೂರು ಪಟ್ಟು ಎತ್ತರ, ಒಳಗೆ ಕರೆಂಟಿನ ದೀಪ. ಮರೆತುಹೋಗಿದ್ದ ಹಳೆಯ ಸಂಪ್ರದಾಯಕ್ಕೆ ಕೋರಲ್ ಕ್ರೌನ್ ಮತ್ತೆ ಜೀವ ಕೊಟ್ಟಿದೆ ಎಂದು ಟೀವಿಯವನು ಹೊಗಳುತ್ತಿದ್ದ.

ಆನ್ಸೆಲ್ಮ್ ಮುಂದಕ್ಕೆ ಬಾಗಿ ಕೇಳುತ್ತಿದ್ದ. ಯಾರದೋ ಹೆಸರು ಬರುತ್ತದೆಂದು ಕಾಯುತ್ತಿದ್ದ. ಯಜಮಾನಿಯ ಹೆಸರು ಬಂತು, ವಸ್ತ್ರ ವಿನ್ಯಾಸ ಮಾಡಿದವರ ಹೆಸರು ಬಂತು. ಆಮೇಲೆ ಜಾಹೀರಾತು ಬಂತು.

“ಹೇಳೋಕೆ ಟೈಮ್ ಇರಲ್ಲ ಅವರಿಗೆ,” ಎಂದ ಆನ್ಸೆಲ್ಮ್.

“ಆ ಕತ್ತರಿ ಯಾಕಪ್ಪ?” ಎಂದಳು ಈನಾ, ಲಿಸ್ಟ್ರಾಳ ಕಡೆ ಕಳ್ಳನೋಟ ಬೀರಿ.

“ನನ್ನ ತಂಗಿಗೆ ಸಲಾಮು ಅದು! ನೋಡಿದ್ಯಾ ಲಿಸ್ಟ್ರಾ, ಹುಡುಗ ಅತ್ತೇನ ಮರ್ತಿಲ್ಲ.” ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. “ನಮ್ಮಪ್ಪ ಇದ್ದಿದ್ರೆ ಕುಣೀತಿದ್ದ ಇವತ್ತು.”

ಈನಾ ಎದ್ದುಹೋದ ಮೇಲೆ ಲಿಸ್ಟ್ರಾ ತಟ್ಟೆ ತಂದು ಅವನ ಮುಂದಿಟ್ಟಳು. ಅವನು ಊಟಕ್ಕೆ ಕೈ ಹಾಕದೆ ಅವಳನ್ನೇ ನೋಡಿದ.

“ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡ. ಹುಡುಗ ಫೋನ್ ಮಾಡಿದ್ರೆ ನೀನು ಮಾತಾಡಲ್ಲ. ಕ್ರಿಸ್‌ಮಸ್ಸಿಗೆ ಬಂದ್ರೆ ಮುಖ ಕೊಡ್ಲಿಲ್ಲ. ಅವತ್ತಿನ ವಿಷ್ಯ ತಾನೇ ಮನಸ್ಸಲ್ಲಿಟ್ಕೊಂಡಿರೋದು? ಸರದಿ ತಪ್ಪಿಸಿದ, ನಿಜ. ಆದ್ರೆ ನನ್ನ ಆ ಸ್ಥಿತೀಲಿ ಅವನು ನೋಡ್ಲಿಲ್ಲ ಅಲ್ವಾ? ಅಷ್ಟು ಜನದಲ್ಲಿ ಅವನಿಗೆ ಹೇಗೆ ಕಾಣ್ಬೇಕು? ನೋಡಿದ್ರೆ ಬಿಡ್ತಿದ್ನಾ? ಎತ್ಕೊಂಡು ಓಡ್ತಿದ್ದ ನನ್ನ.”

ಆ ದಿನದ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಲಿಸ್ಟ್ರಾ ಖಾರದ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಿದ್ದಳು. ಹೊರಗೆ ಯಾವುದೋ ಮೇಳ ಇಳಿಜಾರಿನಲ್ಲಿ ಹೋಗುತ್ತಿತ್ತು. ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು.

“ಹೂಂ ಅಣ್ಣ,” ಎಂದಳು. “ಅವನು ನೋಡ್ಲಿಲ್ಲ.”

“ಅದಕ್ಕೇ ಹೇಳಿದ್ದು. ನೀನೇ ಸುಮ್ನೆ ಮನಸ್ಸು ಕಹಿ ಮಾಡ್ಕೊಂಡಿದ್ದೀಯ. ಈ ವಯಸ್ಸಲ್ಲಿ ಒಳ್ಳೇದಲ್ಲ ಅದು.”

“ಆಯ್ತು.”

“ಫೋನ್ ಮಾಡ್ತೀಯಾ ಅವನಿಗೆ? ಚೆನ್ನಾಗಿ ಕುಣಿದೆ ಅಂತ ಹೇಳ್ತೀಯಾ?”

“ಊಟ ಮಾಡು. ಆರಿ ಹೋಗುತ್ತೆ.”

“ಹೇಳ್ತೀಯಾ ಇಲ್ವಾ?”

“ಹೇಳ್ತೀನಿ.”

ಆನ್ಸೆಲ್ಮ್ ನೆಮ್ಮದಿಯಿಂದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಒಂದು ತುತ್ತು ಬಾಯಿಗಿಟ್ಟವನು ಹುಬ್ಬು ಗಂಟಿಕ್ಕಿದ. “ಸಕ್ಕರೆ ಸೀಯಿಸಿದ್ದೀಯ ಈ ಸಲ,” ಎಂದ.